ಇಬ್ಬರು ಕೂರುವ ಕಲ್ಲು

ಮೂವತ್ತೊಂದು ವರ್ಷದಲ್ಲಿ ಗೇಟಪ್ಪ ಹೆಚ್ಚುಕಡಿಮೆ ಮೂವತ್ತು ಲಕ್ಷ ಜನರನ್ನು ಸರೋವರ ನೋಡಲು ಒಳಗೆ ಕಳಿಸಿದ್ದ. ಅವರಲ್ಲಿ ಕೈಗೂಸುಗಳಿದ್ದವು, ಊರುಗೋಲಿನ ಅಜ್ಜಂದಿರಿದ್ದರು, ಮದುವೆಯಾಗಿ ಮೂರೇ ದಿನವಾಗಿದ್ದ ಜೋಡಿಗಳಿದ್ದವು, ಸರೋವರಕ್ಕೂ ಈಜುಕೊಳಕ್ಕೂ ವ್ಯತ್ಯಾಸ ತಿಳಿಯದೆ ಟವೆಲು ಹೊತ್ತು ತಂದವರಿದ್ದರು. ಆ ಮೂವತ್ತು ಲಕ್ಷದಲ್ಲಿ ಇಲ್ಲದಿದ್ದವನು ಒಬ್ಬನೇ, ಅವನು ಗೇಟಪ್ಪ.

ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ರಾಷ್ಟ್ರೀಯ ಉದ್ಯಾನದ ದೊಡ್ಡ ಗೇಟಿನ ಪಕ್ಕದ ಮರದ ಗೂಡಿನಲ್ಲಿ ಕೂತು, ಅಂಗೈಯಗಲದ ಕಿಟಕಿಯಿಂದ ಟಿಕೆಟ್ ಹರಿದು ಕೊಡುವುದು ಅವನ ಕೆಲಸ. ಹೀಗಾಗಿ ಊರಿಗೆಲ್ಲ ಅವನು ಗೇಟಪ್ಪ, ಅವನ ಹೆಂಡತಿ ಗೇಟಮ್ಮ. ಮಕ್ಕಳಿದ್ದಿದ್ದರೆ ಅವರನ್ನು ಏನೆಂದು ಕರೆಯಬೇಕಾಗುತ್ತಿತ್ತೋ, ಆ ತೊಂದರೆಯನ್ನು ಅವರು ಊರಿಗೆ ಕೊಟ್ಟಿರಲಿಲ್ಲ.

ಒಳಗೆ ಯಾಕೆ ಹೋಗಲಿಲ್ಲ ಎಂದರೆ ಉತ್ತರ ಸರಳ. ಗೇಟು ತೆರೆದಿದ್ದಾಗ ಅವನು ಕೌಂಟರಿನಲ್ಲಿರಬೇಕು. ಗೇಟು ಮುಚ್ಚಿದ ಮೇಲೆ ಒಳಗೆ ಯಾರೂ ಇರಬಾರದು. ವಾರಕ್ಕೊಂದು ದಿನ ಪ್ರಾಣಿಗಳಿಗೆ ವಿಶ್ರಾಂತಿ. ಆ ದಿನ ಮನುಷ್ಯರ ವಾಸನೆಯೇ ಕೂಡದು ಎಂದು ನಿಯಮ, ಗೇಟಪ್ಪನೂ ಮನುಷ್ಯನೇ ಆದ್ದರಿಂದ ಅವನಿಗೂ ಅನ್ವಯ. ಇನ್ನು ವರ್ಷದ ರಜೆ. ಅದು ಭಾವಮೈದುನ ಮನೆ ಬದಲಾಯಿಸುವುದಕ್ಕೆ, ತನ್ನ ಹಲ್ಲು ಕೀಳಿಸುವುದಕ್ಕೆ ಸರಿಹೋಗುತ್ತಿತ್ತು. ಒಂದೆರಡು ದಿನ ಉಳಿದರೂ, ರಜೆ ಹಾಕಿ ಕೆಲಸದ ಜಾಗಕ್ಕೇ ಹೋಗುವ ಗಂಡಸನ್ನು ಕಂಡು ಊರು ನಗದೇ ಇರುತ್ತದೆಯೇ? ಅದೂ ಅಲ್ಲದೆ ಸರೋವರವೇನು ಓಡಿಹೋಗುತ್ತದೆಯೇ, ಏಳು ಕಿಲೋಮೀಟರಿನಾಚೆ ಬಿದ್ದಿದೆ. ಸ್ವಲ್ಪ ಜನ ಕಡಿಮೆಯಾಗಲಿ, ಆಮೇಲೆ ಹೋದರಾಯಿತು ಎಂದುಕೊಂಡ. ಜನ ಕಡಿಮೆಯಾಗಲೇ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಸಂಜೆ ವಾಪಸು ಬರುವವರು ಕೌಂಟರಿನ ಮುಂದಿನ ಬೆಂಚಿನ ಮೇಲೆ ಕೂತು ಬಟ್ಟೆಗೆ ಅಂಟಿದ ಮುಳ್ಳು ಕೀಳುತ್ತಿದ್ದರು. ಸರೋವರದ ದಾರಿಯ ಹುಲ್ಲಿನಲ್ಲಿ ಎಳ್ಳಿನ ಗಾತ್ರದ ಒಂದು ಅಂಟುಮುಳ್ಳು ಬೆಳೆಯುತ್ತದೆ; ಒಳಗೆ ಹೋದವರನ್ನು, ಶ್ರೀಮಂತರು ಬಡವರು ಎನ್ನದೆ, ಅದು ಕಚ್ಚಿಕೊಂಡೇ ಹೊರಗೆ ಬರುತ್ತದೆ. ಅವರು ಮುಳ್ಳು ಕೀಳುತ್ತಿರುವಾಗ ಗೇಟಪ್ಪ ಕಿಟಕಿಯಿಂದ ಒಂದೇ ಪ್ರಶ್ನೆ ಕೇಳುತ್ತಿದ್ದ.

"ಹೇಗಿತ್ತು?"

ಗಲ್ಲಕ್ಕೆ ಕೈಯೂರಿ, ಅವರು ಹೇಳುವುದನ್ನೆಲ್ಲ ಕೇಳುತ್ತಿದ್ದ. ನೀರಿನ ಬಣ್ಣ ಒಬ್ಬರಿಂದ, ಹಕ್ಕಿಯ ಕೂಗು ಇನ್ನೊಬ್ಬರಿಂದ, ಎದುರಿನ ಬೆಟ್ಟ ಮತ್ತೊಬ್ಬರಿಂದ. ಎಲ್ಲರೂ ಹೋದ ಮೇಲೆ ಬೆಂಚಿನ ಕೆಳಗಿನ ಮುಳ್ಳನ್ನೆಲ್ಲ ಗುಡಿಸಿ ಬುಟ್ಟಿಗೆ ಹಾಕಿ ಮನೆಗೆ ಹೋಗುತ್ತಿದ್ದ.

ಇಷ್ಟಕ್ಕೇ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಕೆಲಸಕ್ಕೆ ಸೇರಿದ ಮೂರನೇ ತಿಂಗಳು ಅವನಿಗೆ ಮದುವೆಯಾಯಿತು. ಮದುವೆಯಾದ ಎರಡನೇ ದಿನ ಹೆಂಡತಿ ಕಾಫಿ ಕೊಡುತ್ತಾ, "ಸರೋವರ ಹೇಗಿದೆ ರೀ?" ಎಂದಳು. ಸರ್ಕಾರಿ ಸಂಬಳ ತರುವ ಗಂಡ, ಹೊಸ ಹೆಂಡತಿಯ ಮೊದಲ ಪ್ರಶ್ನೆಗೇ ಗೊತ್ತಿಲ್ಲ ಎನ್ನುವುದಕ್ಕಾಗುತ್ತದೆಯೇ?

"ಅದನ್ನ ಹೇಳಿದ್ರೆ ಆಗಲ್ಲ, ನೋಡ್ಬೇಕು" ಎಂದ ಗೇಟಪ್ಪ. ಆಮೇಲೆ ಹೇಳಿಯೇಬಿಟ್ಟ. "ನೀರಿನ ಅಂಚಲ್ಲಿ ಒಂದು ಚಪ್ಪಟೆ ಕಲ್ಲಿದೆ. ಸರಿಯಾಗಿ ಇಬ್ರು ಕೂರ್ಬೋದು. ಅಲ್ಲಿ ಕೂತ್ರೆ ಎದುರಿನ ಬೆಟ್ಟ ನೀರೊಳಗೆ ತಲೆಕೆಳಗಾಗಿ ಕಾಣುತ್ತೆ. ನಾನು ಅಲ್ಲಿ ಕೂತಾಗೆಲ್ಲ ಪಕ್ಕದ ಜಾಗ ಖಾಲಿ ಇರ್ತಿತ್ತು. ಮುಂದಿನ ವಾರ ನಿನ್ನ ಕರ್ಕೊಂಡು ಹೋಗ್ತೀನಿ."

ಬೆಟ್ಟವನ್ನು ಯಾರೋ ಹೇಳಿದ್ದರು. ಕಲ್ಲು ಮಾತ್ರ ಅವನ ಸ್ವಂತ ಸಂಪಾದನೆ. ಹೆಂಡತಿ ಮರುದಿನವೇ ಪೇಟೆಗೆ ಹೋಗಿ ಲೇಸು ಕಟ್ಟುವ ಒಂದು ಜೊತೆ ಕಂದು ಬೂಟು ತಂದಳು. ಆ ಮುಂದಿನ ವಾರಕ್ಕೆ ಈಗ ಮೂವತ್ತೊಂದು ವರ್ಷ. ಬೂಟು ಕಪಾಟಿನ ಮೇಲಿನ ಡಬ್ಬದಲ್ಲಿತ್ತು. ಅವಳು ವರ್ಷಕ್ಕೊಮ್ಮೆ ಅದನ್ನು ಕೆಳಗಿಳಿಸಿ, ಪಾಲಿಶ್ ಹಾಕಿ, ಏನೂ ಹೇಳದೆ ಮತ್ತೆ ಮೇಲಿಡುತ್ತಿದ್ದಳು. ಒಂದು ಹೆಜ್ಜೆಯನ್ನೂ ಹಾಕದೆ ಆ ಬೂಟು ಮುದಿಯಾಗಿತ್ತು.

ಒಮ್ಮೆ ಹುಟ್ಟಿದ ಕಲ್ಲು ಮನೆಯಲ್ಲೇ ಉಳಿಯಲಿಲ್ಲ. ಗೇಟಪ್ಪ ಅದನ್ನು ಟಿಕೆಟ್ ಕೊಡುವಾಗ ಜನರಿಗೂ ಹೇಳತೊಡಗಿದ. "ನೀರಿನ ಹತ್ರ ಕೂರುಕಲ್ಲು ಅಂತ ಇದೆ, ಕೂತ್ಕೊಳ್ದೆ ಬರ್ಬೇಡಿ." ಜನ ಸಂಜೆ ಬಂದು, "ಕೂತ್ವಿ ಸಾರ್, ಅದ್ಭುತ!" ಎನ್ನುತ್ತಿದ್ದರು. ಟಿಕೆಟ್ ಕೊಂಡು, ಏಳು ಕಿಲೋಮೀಟರ್ ಹೋಗಿ, ಕಲ್ಲು ಸಿಗಲಿಲ್ಲ ಎಂದು ಒಪ್ಪಿಕೊಳ್ಳಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ಹತ್ತು ವರ್ಷ ಇದನ್ನೇ ಕೇಳಿ ಕೇಳಿ, ಕಲ್ಲು ಇದ್ದರೂ ಇರಬಹುದು ಎಂದು ಗೇಟಪ್ಪನಿಗೇ ಅನ್ನಿಸತೊಡಗಿತು.

ಅವನು ನಿವೃತ್ತನಾಗಲು ಒಂದು ತಿಂಗಳಿದ್ದಾಗ ಊರಿನ ಸಭಾಂಗಣದಲ್ಲಿ ಸಾರ್ವಜನಿಕ ಸಭೆ ಕರೆದರು. ಕೇಂದ್ರ ಕಚೇರಿಯಿಂದ ಒಬ್ಬರು ದೊಡ್ಡ ಮೇಡಮ್ ಬಂದಿದ್ದರು. ಕನ್ನಡಕ ಮೂಗಿನ ತುದಿಯಲ್ಲಿ, ಫೈಲು ತೊಡೆಯ ಮೇಲೆ, ಮುಖದಲ್ಲಿ ಯಾರನ್ನೂ ನಂಬದ ಶಾಂತಿ.

"ಸರ್ಕಾರದಿಂದ ಬರೋ ಅನುದಾನ ಅರ್ಧ ಆಗಿದೆ" ಎಂದರು ಮೇಡಮ್. "ಬರೋ ಜನ ನಾಲ್ಕು ಪಟ್ಟು ಆಗಿದ್ದಾರೆ. ಹದಿಮೂರು ಕಾವಲುಗಾರರಿದ್ರು, ಈಗ ಒಬ್ರೇ. ಶೌಚಾಲಯದ ಚಾವಣಿ ಎರಡು ವರ್ಷದ ಹಿಂದೆ ಗಾಳಿಗೆ ಹಾರಿಹೋಯ್ತು, ಇನ್ನೂ ವಾಪಸ್ ಬಂದಿಲ್ಲ. ಹಾಗಾಗಿ ಶುಲ್ಕ ಮೂರು ಪಟ್ಟು, ದಿನಕ್ಕೆ ಇನ್ನೂರೇ ಜನ, ಫೋನಲ್ಲೇ ಬುಕಿಂಗ್. ಟಿಕೆಟ್ ಕೌಂಟರ್ ಮುಚ್ತೀವಿ. ಏನಂತೀರಿ?"

ಸಭಾಂಗಣ ಹೊತ್ತಿಕೊಂಡಿತು.

"ಇನ್ನೂರು ಜನ ನನ್ನ ಲಾಡ್ಜಿನ ಮೆಟ್ಟಿಲ ಮೇಲೇ ಇರ್ತಾರೆ ಮೇಡಮ್!" ಎಂದು ಲಾಡ್ಜಿನ ಮಾಲೀಕ ಎದ್ದ.

"ಅದಕ್ಕೇ ನಿಮ್ಮ ಮೆಟ್ಟಿಲು ಹಾಗಿರೋದು" ಎಂದರು ಹಿಂದಿನ ಸಾಲಿನಿಂದ ನಿವೃತ್ತ ಮೇಷ್ಟರು. "ಆದ್ರೆ ಮೇಡಮ್, ಕಾಡು ಎಲ್ಲರದ್ದು. ಮೂರು ಪಟ್ಟು ಅಂದ್ರೆ ಕೂಲಿಯವನ ಮಗಳು ಸರೋವರ ನೋಡೋದು ಹೇಗೆ?"

"ಎಲ್ಲರದ್ದು ಅಂತ ಎಲ್ಲರೂ ಒಂದೇ ಭಾನುವಾರ ಬಂದ್ರೆ, ಕೂಲಿಯವನ ಮಗಳು ನೋಡೋದು ಮುಂದಿರೋರ ಬೆನ್ನನ್ನೇ" ಎಂದರು ಮೇಡಮ್.

ಆಗ ಎದ್ದವನು ಗೇಟಪ್ಪನ ಭಾವಮೈದುನ, ಜೀಪ್ ಚಾಲಕರ ಸಂಘದ ಅಧ್ಯಕ್ಷ. ಮಾತಿಗಿಂತ ಮೊದಲು ಮೇಜು ಗುದ್ದುವುದು ಅವನ ಪದ್ಧತಿ. ಎದುರಿಗೆ ಮೇಜಿರಲಿಲ್ಲವಾದ್ದರಿಂದ ಮುಂದಿನವನ ಕುರ್ಚಿಯನ್ನು ಗುದ್ದಿದ. "ಜನ ಬಂದ್ರೆ ಹಾಳಾಗುತ್ತೆ, ಹಾಳಾಗುತ್ತೆ ಅಂತೀರಲ್ಲ, ಏನು ಹಾಳಾಗಿದೆ ತೋರ್ಸಿ!"

"ಒಳ್ಳೆ ಪ್ರಶ್ನೆ" ಎಂದು ಮೇಡಮ್ ಕನ್ನಡಕ ಮೇಲೇರಿಸಿದರು. "ನಾನು ನೋಡಿರೋದು ಫೈಲು. ಸರೋವರಾನ ಕಣ್ಣಾರೆ ನೋಡಿರೋರು ಯಾರಾದ್ರೂ ಹೇಳಿ."

ಇದ್ದಕ್ಕಿದ್ದಂತೆ ಸಭೆ ತಣ್ಣಗಾಯಿತು. ಇಲ್ಲಿ ಒಂದು ಗುಟ್ಟು ಹೇಳಬೇಕು. ದೀಪದ ಬುಡದಲ್ಲಿ ಕತ್ತಲು ಎಂಬಂತೆ, ಸರೋವರದಿಂದ ಹೊಟ್ಟೆ ಹೊರೆಯುವ ಆ ಊರಿನಲ್ಲಿ ಸರೋವರ ನೋಡಿದವರೇ ಇರಲಿಲ್ಲ. ಜೀಪು ಐದು ಕಿಲೋಮೀಟರ್ ಹೋಗಿ ನಿಲ್ಲುತ್ತದೆ, ಚಾಲಕ ಜೀಪು ಬಿಟ್ಟು ಇಳಿಯಬಾರದೆಂದು ನಿಯಮ. ಉಳಿದ ಎರಡು ಕಿಲೋಮೀಟರ್ ಭಾವಮೈದುನನಿಗೂ ಪರದೇಶ. ಲಾಡ್ಜಿನ ಗೋಡೆಯ ಮೇಲಿದ್ದ ದೊಡ್ಡ ಚಿತ್ರವನ್ನು ಮಾಲೀಕ ಯಾವುದೋ ಕ್ಯಾಲೆಂಡರಿನಿಂದ ಕತ್ತರಿಸಿದ್ದ, ಅದರಲ್ಲಿ ಹಡಗು ಕೂಡ ಇತ್ತು. ಮೇಷ್ಟರು ಮಕ್ಕಳನ್ನು ಇಪ್ಪತ್ತು ಸಲ ಕಳಿಸಿದ್ದರು, ತಾವು ಮಂಡಿನೋವಿನಿಂದ ಬಸ್ಸಿನಲ್ಲೇ ಉಳಿದಿದ್ದರು. ಉಳಿದ ಒಬ್ಬನೇ ಕಾವಲುಗಾರ ಒಳಗೇ ಇರುವವನು ನಿಜ. ಆದರೆ ಅವನಿಗೆ ದೊಡ್ಡವರನ್ನು ಕಂಡರೆ ನಾಲಗೆ ಒಣಗುತ್ತಿತ್ತು. ಏನು ಕೇಳಿದರೂ ಅವನದು ಒಂದೇ ಉತ್ತರ.

"ಏನಪ್ಪಾ, ಒಳಗೆ ಹಾನಿ ಆಗಿದೆಯಾ?" ಎಂದರು ಮೇಡಮ್.

"ಇರಬಹುದು ಮೇಡಮ್."

"ಆಗಿಲ್ವಾ?"

"ಇಲ್ದೇನೂ ಇರಬಹುದು ಮೇಡಮ್."

"ನಮ್ಮ ಭಾವನ್ನ ಕೇಳಿ!" ಎಂದು ಭಾವಮೈದುನ ಗೇಟಪ್ಪನ ತೋಳು ಹಿಡಿದು ಎಬ್ಬಿಸಿಯೇಬಿಟ್ಟ. "ಮೂವತ್ತೊಂದು ವರ್ಷ ಸರ್ವೀಸು. ಸರೋವರದ ಇಂಚಿಂಚೂ ಗೊತ್ತು. ಏನೂ ಹಾಳಾಗಿಲ್ಲ ಅಂತ ಹೇಳಿ ಭಾವ!"

ಗೇಟಪ್ಪ ನೋಡಿದ. ಮುಂದೆ ಮೇಡಮ್, ಹಿಂದೆ ಊರು, ಮೂರನೇ ಸಾಲಿನಲ್ಲಿ ಹೆಂಡತಿ. ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು. ಏನೂ ಗೊತ್ತಿಲ್ಲ ಎಂದು ಕೂತುಬಿಡಬಹುದಿತ್ತು. ಆದರೆ ಇರಲಾರದೆ ಇರುವೆ ಬಿಟ್ಟುಕೊಳ್ಳುವವರ ಜಾತಕವೇ ಬೇರೆ.

"ಕೂರುಕಲ್ಲು ಸವೆದಿದೆ" ಎಂದ ಗೇಟಪ್ಪ.

"ಏನು ಕಲ್ಲು?"

"ನೀರಿನ ಅಂಚಲ್ಲಿ, ಇಬ್ರು ಕೂರೋ ಕಲ್ಲು ಮೇಡಮ್. ಜನ ಕೂತೂ ಕೂತೂ ಸವೆದುಹೋಗಿದೆ."

"ಎಷ್ಟು ಸವೆದಿದೆ?"

ಗೇಟಪ್ಪ ಒಂದು ಕ್ಷಣ ಲೆಕ್ಕ ಹಾಕುವವನಂತೆ ಚಾವಣಿ ನೋಡಿ, "ಒಂದು ಬೆರಳು" ಎಂದ. ಯಾವ ಬೆರಳು ಎಂದು ಕೇಳಬಹುದೆಂಬ ಭಯದಿಂದ, "ಹೆಬ್ಬೆರಳಲ್ಲ" ಎಂದೂ ಸೇರಿಸಿದ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಮೇಷ್ಟರು ಎದ್ದು, ಒಂದಲ್ಲ ಎರಡು ಬೆರಳು, ತಮ್ಮ ಕಾಲದಲ್ಲಿ ಆ ಕಲ್ಲು ಇನ್ನೂ ಎತ್ತರವಿತ್ತು ಎಂದರು. ಲಾಡ್ಜಿನ ಮಾಲೀಕ, ತಾನು ಮಧುಚಂದ್ರಕ್ಕೆ ಕೂತಿದ್ದೇ ಆ ಕಲ್ಲಿನ ಮೇಲೆ ಎಂದು ಕಣ್ಣೊರೆಸಿಕೊಂಡ. ಸವೆದಿಲ್ಲ ಎಂದು ಸಾಧಿಸಲು ಹೊರಟ ಭಾವಮೈದುನನೂ, "ಸವೆದಿರೋದು ಎಡಗಡೆ ಮಾತ್ರ, ಬಲಗಡೆ ಚೆನ್ನಾಗೇ ಇದೆ" ಎಂದ. ಕಲ್ಲೇ ಇಲ್ಲ ಎನ್ನಲು ಒಬ್ಬನಿಗೂ ಬಾಯಿ ಬರಲಿಲ್ಲ. ಹಾಗೆಂದರೆ, ನೀನು ಸರೋವರ ನೋಡಿದ್ದೀಯಾ ಎಂಬ ಪ್ರಶ್ನೆ ಬರುತ್ತದೆ. ಮೇಡಮ್ ಮೊದಲ ಬಾರಿಗೆ ಪೆನ್ನಿನ ಮುಚ್ಚಳ ತೆಗೆದು ಬರೆದುಕೊಂಡರು.

ಮರುದಿನ ಪತ್ರಿಕೆಯಲ್ಲಿ 'ಸವೆಯುತ್ತಿರುವ ಕೂರುಕಲ್ಲು: ಯಾರು ಹೊಣೆ?' ಎಂದು ಬಂತು. ಅಲ್ಲಿಂದ ಮುಂದೆ ಊರಿನಲ್ಲಿ ಶುಲ್ಕದ ಮಾತೂ ಇಲ್ಲ, ಚಾವಣಿಯ ಮಾತೂ ಇಲ್ಲ, ಎಲ್ಲ ಕಲ್ಲಿನ ಮಾತೇ. ಕಲ್ಲು ಉಳಿಯಬೇಕಾದರೆ ಜನ ಕಡಿಮೆಯಾಗಬೇಕು ಎಂದು ಮೇಷ್ಟರ ಪಕ್ಷ. ಕೂರಲಾಗದ ಕಲ್ಲು ಯಾಕೆ ಎಂದು ಜೀಪಿನ ಪಕ್ಷ. ಲಾಡ್ಜಿನ ಮಾಲೀಕ ರಾತ್ರೋರಾತ್ರಿ ಬೋರ್ಡು ಬದಲಾಯಿಸಿ 'ಕೂರುಕಲ್ಲು ಲಾಡ್ಜ್' ಎಂದು ಬರೆಸಿದ, ಗೋಡೆಯ ಚಿತ್ರದ ಹಡಗಿಗೆ ಬೂದುಬಣ್ಣ ಹೊಡೆಸಿ ಕಲ್ಲು ಮಾಡಿಸಿದ. ಕಲ್ಲಿನ ಫೋಟೋ ಇದ್ದರೆ ಕಳಿಸಿ ಎಂದು ಕಚೇರಿ ಕೇಳಿದ್ದಕ್ಕೆ ಹದಿನಾಲ್ಕು ಬಂದವು, ಹದಿನಾಲ್ಕರಲ್ಲೂ ಬೇರೆ ಬೇರೆ ಕಲ್ಲು. ಕಲ್ಲು ನೋಡುವ ದಿಕ್ಕಿಗೆ ತಕ್ಕಂತೆ ಆಕಾರ ಬದಲಿಸುವ ಅಪರೂಪದ ಜಾತಿಯದು ಎಂದು ಕಚೇರಿ ಟಿಪ್ಪಣಿ ಬರೆಯಿತು.

ಕೊನೆಗೆ ಆದೇಶ ಹೊರಟಿತು. ತಿಂಗಳ ಕೊನೆಯ ದಿನ ಮೇಡಮ್ ನೇತೃತ್ವದಲ್ಲಿ ಕಲ್ಲಿನ ತಪಾಸಣೆ. ಇನ್ನೂರು ಜನರ ಮಿತಿಯೂ ಅಂದಿನಿಂದಲೇ ಜಾರಿ. ಯಾರಿಗೂ ವಿನಾಯಿತಿ ಇಲ್ಲ, ಅಧಿಕಾರಿಗಳನ್ನೂ ಲೆಕ್ಕಕ್ಕೆ ಹಿಡಿಯತಕ್ಕದ್ದು. ಕಲ್ಲನ್ನು ಗುರುತಿಸಿ ತೋರಿಸಲು ತಜ್ಞರಾಗಿ ಟಿಕೆಟ್ ಗುಮಾಸ್ತರು ಜೊತೆಗೆ ಹೋಗತಕ್ಕದ್ದು. ಅದೇ ದಿನ ಗೇಟಪ್ಪನ ಕೆಲಸದ ಕೊನೆಯ ದಿನವೂ ಆಗಿತ್ತು.

ಗೇಟಪ್ಪ ಆದೇಶವನ್ನು ಎರಡು ಸಲ ಓದಿದ. ಕಾವಲುಗಾರನನ್ನು ಗೇಟಿನ ಮರೆಗೆ ಎಳೆದುಕೊಂಡು ಹೋದ. "ನಿಜ ಹೇಳಪ್ಪ. ನೀರಿನ ಹತ್ರ ಒಂದು ಚಪ್ಪಟೆ ಕಲ್ಲು, ಇಬ್ರು ಕೂರೋವಂಥದ್ದು, ಇದೆಯಾ?"

"ಇರಬಹುದು ಸಾರ್."

"ಅಯ್ಯೋ, ನಾನೇನು ದೊಡ್ಡ ಸಾಹೇಬನಾ? ನನ್ನ ಹತ್ರನಾದ್ರೂ ಸರಿಯಾಗಿ ಹೇಳೋ!"

ಕಾವಲುಗಾರ ಸುತ್ತ ಒಮ್ಮೆ ನೋಡಿಕೊಂಡ. "ಕಲ್ಲು ತುಂಬಾ ಇವೆ ಸಾರ್. ಇಬ್ರು ಕೂತಿದ್ದು ನಾನು ನೋಡಿಲ್ಲ. ನಾನ್ಯಾವಾಗ್ಲೂ ಒಬ್ನೇ ಇರ್ತೀನಲ್ಲ."

ಮನೆಗೆ ಬಂದರೆ ಹೆಂಡತಿ ಡಬ್ಬ ಕೆಳಗಿಳಿಸಿ, ಬೂಟಿನ ಅಟ್ಟೆಗೆ ಅಂಟು ಹಚ್ಚಿ, ಮೇಲೆ ಒರಳುಕಲ್ಲು ಹೇರಿಟ್ಟಿದ್ದಳು. "ನನ್ನದೂ ಒಂದು ಟಿಕೆಟ್ ಇಟ್ಟಿರಿ" ಎಂದಳು. "ಇಬ್ರೂ ಹೋಗೋಣ. ಅವತ್ತಾದ ಮೇಲೆ ನೀವು ಗೇಟಿನವರಲ್ಲ. ಫೋನಲ್ಲಿ ಬುಕಿಂಗ್ ಅಂತೆ, ನಮಗೆಲ್ಲಿ ಸಿಗುತ್ತೆ?"

ಬೇಡ ಎನ್ನಬೇಕೆಂದು ಬಾಯಿ ತೆರೆದ ಗೇಟಪ್ಪ, ಆ ಬೂಟು ನೋಡಿ ಮುಚ್ಚಿದ. "ಕೊನೇ ಎರಡು ನಮ್ಮದೇ" ಎಂದ. "ನೂರಾ ತೊಂಬತ್ತೊಂಬತ್ತು ನಿಂದು, ಇನ್ನೂರು ನಂದು." ಕಲ್ಲಿನ ಗತಿ ಏನಾದರಾಗಲಿ, ಆ ಎರಡು ಕಿಲೋಮೀಟರನ್ನು ಅವಳ ಜೊತೆ ನಡೆಯಬೇಕೆಂಬ ಆಸೆ ಅವನಿಗೆ ಭಯಕ್ಕಿಂತ ಒಂದು ಬೆರಳು ಹೆಚ್ಚೇ ಇತ್ತು.

ಆ ದಿನ ಬೆಳಗ್ಗೆ ಗೇಟಿನ ಮುಂದೆ ಊರಿಗೆ ಊರೇ ನಿಂತಿತ್ತು. ತಮ್ಮ ಬಾಯಿಂದಲೇ ಹೊಗಳಿದ ಕಲ್ಲನ್ನು ಕೊನೆಗೊಮ್ಮೆ ಕದ್ದು ನೋಡಿಬಿಡೋಣ ಎಂದು ಎಲ್ಲರಿಗೂ ಹೊಳೆದಿತ್ತು. ಮೇಷ್ಟರು ಮಂಡಿಗೆ ಪಟ್ಟಿ ಸುತ್ತಿಕೊಂಡು ಬಂದಿದ್ದರು. ಲಾಡ್ಜಿನ ಮಾಲೀಕ ಅತಿಥಿಗಳ ಹಿಂಡನ್ನೇ ತಂದಿದ್ದ. ಜೀಪ್ ಸಂಘದವರು ಅಂದು ಜೀಪನ್ನು ಬಿಟ್ಟು ನಡೆದೇ ಹೋಗುವುದಾಗಿ ಟಿಕೆಟ್ ಕೇಳಿದರು. ಗೇಟಪ್ಪ ಹರಿದು ಕೊಟ್ಟ, ಹರಿದು ಕೊಟ್ಟ. ನೂರಾ ತೊಂಬತ್ತೆಂಟಕ್ಕೆ ಬಂದಾಗ ಹೊರಗೆ ಇನ್ನೂ ಮುನ್ನೂರು ಜನರಿದ್ದರು. "ಮುಗೀತು!" ಎಂದು ಕೂಗಿ ಕಿಟಕಿಯ ಬಾಗಿಲು ಎಳೆದ. ಉಳಿದವರು ಗೊಣಗುತ್ತಾ, ಬಯ್ಯುತ್ತಾ ಚದುರಿದರು. ಹೆಂಡತಿ, ಮದುವೆಮುಂಜಿಗೆಂದು ಎತ್ತಿಟ್ಟಿದ್ದ ಬಟ್ಟೆ ಉಟ್ಟು, ಬೂಟು ತೊಟ್ಟು, ಗೂಡಿನ ಬಾಗಿಲಲ್ಲಿ ನಿಂತಿದ್ದಳು. ಅಂಟು ಹಿಡಿದಿರಲಿಲ್ಲ, ಅಟ್ಟೆ ಬಾಯಿ ಬಿಡುತ್ತಿತ್ತು. ಗೇಟಪ್ಪ ಟಿಕೆಟ್ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡುಗಳನ್ನೆಲ್ಲ ತೆಗೆದು, ಬಗ್ಗಿ ಕೂತು, ಅವಳ ಎರಡೂ ಬೂಟಿಗೆ ಮೂರು ಮೂರು ಸುತ್ತು ಹಾಕಿದ.

ಏಳುವಷ್ಟರಲ್ಲಿ ಕಿಟಕಿ ಟಕಟಕ ಎಂದಿತು. ಮೇಡಮ್ ನಿಂತಿದ್ದರು.

"ನನಗೊಂದು ಟಿಕೆಟ್."

"ನಿಮಗ್ಯಾಕೆ ಮೇಡಮ್? ನೀವು ಹಾಗೇ ಹೋಗಿ!"

"ಯಾರಿಗೂ ವಿನಾಯಿತಿ ಇಲ್ಲ ಅಂತ ಬರೆದೋಳು ನಾನೇ. ನಾನೇ ಹಾಗೇ ಹೋದ್ರೆ ನಾಳೆ ಪತ್ರಿಕೆಯವರು ಬಿಡ್ತಾರಾ? ಕೊಡಿ."

ಗೇಟಪ್ಪನ ಕೈ ಟಿಕೆಟ್ ಪುಸ್ತಕದ ಮೇಲೆ ನಿಂತಿತು. ಮೂವತ್ತೊಂದು ವರ್ಷದ ಅಭ್ಯಾಸ. ಕಿಟಕಿಯಲ್ಲಿ ಕೈ ಚಾಚಿದವರಿಗೆ ಟಿಕೆಟ್ ಇಲ್ಲ ಎನ್ನುವುದು ಆ ಕೈಗೆ ಗೊತ್ತಿರಲಿಲ್ಲ. ನೂರಾ ತೊಂಬತ್ತೊಂಬತ್ತನೆಯದನ್ನು ಹರಿದು ಕೊಟ್ಟ.

ಪುಸ್ತಕದಲ್ಲಿ ಒಂದು ಹಾಳೆ ಉಳಿಯಿತು.

"ತಜ್ಞರು ನೀವು, ಆ ಒಂದು ನಿಮ್ಮದು. ಬನ್ನಿ" ಎಂದರು ಮೇಡಮ್. ಬಾಗಿಲಲ್ಲಿ ನಿಂತ ಹೆಂಗಸನ್ನೂ ಅವಳ ಬೂಟಿನ ರಬ್ಬರ್ ಬ್ಯಾಂಡನ್ನೂ ಅವರು ಆಗ ನೋಡಿದರು. ಏನೋ ಅರ್ಥವಾಯಿತು. ನಿಯಮ ಮುರಿಯುವ ಹಾಗಿಲ್ಲ. ಒಳಗೆ ಸಾಲುಗಟ್ಟಿದ್ದವರ ಕಡೆ ತಿರುಗಿ ಕೂಗಿದರು. "ನಮ್ಮ ತಜ್ಞರ ಮನೆಯವರಿಗೆ ಒಂದು ಟಿಕೆಟ್ ಬೇಕು. ಯಾರಾದ್ರೂ ಒಬ್ರು ಬಿಟ್ಕೊಡಿ!"

ಕೂಡಲೇ ನೂರಾ ತೊಂಬತ್ತೆಂಟು ಜನರೂ ಮರದ ಮೇಲಿನ ಹಕ್ಕಿ ನೋಡತೊಡಗಿದರು. ಅಲ್ಲಿ ಹಕ್ಕಿ ಇರಲಿಲ್ಲ.

"ನಾನು ಬಿಡ್ತಿದ್ದೆ ಅಕ್ಕಾ" ಎಂದ ಭಾವಮೈದುನ, "ಆದ್ರೆ ಸಂಘದ ಮರ್ಯಾದೆ ಪ್ರಶ್ನೆ!"

"ಈ ಮಂಡಿ ಇನ್ನೊಂದ್ಸಲ ಬಗ್ಗಲ್ಲಮ್ಮ" ಎಂದರು ಮೇಷ್ಟರು.

ಗೇಟಪ್ಪ ಕೊನೆಯ ಟಿಕೆಟನ್ನು ಹರಿದು ಹೆಂಡತಿಯ ಕೈಯಲ್ಲಿಟ್ಟ.

"ನೀವು ಹೋಗ್ರೀ. ತೋರಿಸ್ಬೇಕಾದೋರು ನೀವು" ಎಂದಳು ಅವಳು.

"ನಿಂಗೆ ನನಗಿಂತ ಚೆನ್ನಾಗಿ ಗೊತ್ತು. ಮದುವೆಯಾದ ಎರಡನೇ ದಿನದಿಂದ ಕೇಳ್ತಿದ್ದೀಯ."

"ಮುಂದಿನ ವಾರ ಇಬ್ರೂ ಒಟ್ಟಿಗೇ ಹೋಗೋಣ."

"ಮುಂದಿನ ವಾರ ಅನ್ನೋದು ನನ್ನ ಮಾತು ಕಣೇ. ನೀನದನ್ನ ಕಲೀಬೇಡ. ಹೋಗು."

ಅವಳು ಅವನ ಜೇಬಿಗೆ ಕೈ ಹಾಕಿ ಕರವಸ್ತ್ರ ತೆಗೆದುಕೊಂಡಳು, ಬಿಸಿಲಿಗೆ ಇರಲಿ ಎಂದಳು. ಬೂಟು ಪಟಪಟ ಎನ್ನಿಸುತ್ತಾ ಗೇಟು ದಾಟಿದಳು. ತಿರುವಿನಲ್ಲಿ ಒಮ್ಮೆ ತಿರುಗಿ ನೋಡಿದಳು, ಆಮೇಲೆ ಮರಗಳು ಅಡ್ಡ ಬಂದವು.

ಆ ದಿನವೆಲ್ಲ ಗೇಟಪ್ಪ ಖಾಲಿ ಕೌಂಟರಿನಲ್ಲಿ ಕೂತಿದ್ದ. ಮಾರಲು ಟಿಕೆಟ್ ಇರಲಿಲ್ಲ, ಕೇಳಲು ಜನ ಇರಲಿಲ್ಲ. ಕಿಟಕಿಯ ಮುಂದೆ ಯಾರೂ ಅಡ್ಡ ನಿಲ್ಲದ್ದರಿಂದ, ಒಳಗೆ ಹೋಗುವ ದಾರಿ ಅಷ್ಟುದ್ದಕ್ಕೂ ಅವನಿಗೆ ಕಾಣುತ್ತಿತ್ತು. ಮೂವತ್ತೊಂದು ವರ್ಷ ಅವನು ಕಾದಿದ್ದ ಆ ಕಡಿಮೆ ಜನದ ದಿನ ಕೊನೆಗೂ ಬಂದಿತ್ತು. ಗೇಟು ತೆರೆದೇ ಇತ್ತು. ಹತ್ತು ಹೆಜ್ಜೆ ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಇನ್ನೂರು ಎಂದರೆ ಇನ್ನೂರು, ಅದನ್ನು ಕಾಯಬೇಕಾದವನೇ ಅವನು. ಈಗ ಅವಳು ಎಲ್ಲಿರಬಹುದು, ನೀರು ಕಂಡಿರಬಹುದೇ ಎಂದು ನೋಡುತ್ತಾ ಕೂತ. ಮದುವೆಯಾದ ಹೊಸತರಲ್ಲೂ ಅವನು ಅವಳ ದಾರಿಯನ್ನು ಅಷ್ಟು ಕಾದಿರಲಿಲ್ಲ.

ಸಂಜೆಗೆ ಮೊದಲು ಬಂದವರು ಮೇಡಮ್. ಮುಖದಲ್ಲಿ ನಗು ಇತ್ತು, ಸೆರಗಿನ ತುಂಬ ಮುಳ್ಳಿತ್ತು.

"ನಿಜವಾದ ತಜ್ಞರು ನಿಮ್ಮ ಮನೆಯವರೇ!" ಎಂದರು. "ಅಲ್ಲಿ ನೋಡಿದ್ರೆ ನೂರಾರು ಕಲ್ಲು. ಒಬ್ಬೊಬ್ರೂ ಒಂದೊಂದನ್ನ ತೋರ್ಸಿ ಜಗಳಕ್ಕೇ ನಿಂತ್ರು. ಇವರು ಯಾರ ಹತ್ರನೂ ಮಾತಾಡ್ಲಿಲ್ಲ. ನೆಟ್ಟಗೆ ಹೋಗಿ ಒಂದರ ಮೇಲೆ ಕೂತುಬಿಟ್ರು. 'ಇದೇ. ನಮ್ಮನೆಯವರು ಹೇಳಿದ್ದು ಇದೇ' ಅಂದ್ರು. ಎಲ್ರೂ 'ಹೌದೌದು, ಇದೇ ಇದೇ' ಅಂದ್ರು. ಕಲ್ಲಿನ ಸಂರಕ್ಷಣೆಗೆ ಅನುದಾನ ಕೇಳಿ ನಾಳೆಯೇ ಬರೀತೀನಿ. ಕಲ್ಲು ಅಂದ್ರೆ ಸರ್ಕಾರ ಕೊಡುತ್ತೆ, ಚಾವಣಿ ಅಂದ್ರೆ ಕೊಡಲ್ಲ. ಆ ದುಡ್ಡಲ್ಲೇ ಚಾವಣಿನೂ ಹಾಕಿಸ್ತೀನಿ. ಶುಲ್ಕ ಸದ್ಯಕ್ಕೆ ಏರಿಸಲ್ಲ. ಆದ್ರೆ ಇನ್ನೂರರ ಮಿತಿ ಇರುತ್ತೆ. ಪತ್ರಿಕೇಲಿ ಬಂದಿದ್ದೇ ಬಂದಿದ್ದು, ಏಳು ತಿಂಗಳವರೆಗೆ ಬುಕಿಂಗ್ ಆಗ್ಲೇ ಭರ್ತಿ!"

ಮೇಡಮ್ ಹೋದರು. ಮೇಷ್ಟರು ಕುಂಟುತ್ತಾ ಹೋದರು. ಭಾವಮೈದುನ ಯಾಕೋ ಮೇಜು ಗುದ್ದದೆ, "ಚೆನ್ನಾಗಿದೆ ಭಾವ" ಎಂದಷ್ಟೇ ಹೇಳಿ ಹೋದ. ಎಲ್ಲರಿಗಿಂತ ಕೊನೆಗೆ ಹೆಂಡತಿ ಬಂದಳು. ಒಂದು ಬೂಟಿನ ಅಟ್ಟೆ ಕೈಯಲ್ಲಿತ್ತು. ಬೆಂಚಿನ ಮೇಲೆ ಕೂತು ಮುಳ್ಳು ಕೀಳತೊಡಗಿದಳು.

ಗೇಟಪ್ಪ ಕಿಟಕಿಯಿಂದ ಬಗ್ಗಿ ಕೇಳಿದ. "ಹೇಗಿತ್ತು?"

"ನೀವು ಹೇಳ್ತಿದ್ದಕ್ಕಿಂತ ಚಿಕ್ಕದು" ಎಂದಳು.

"ಚಿಕ್ಕದಾ?"

"ಚಿಕ್ಕದು. ಆದ್ರೆ ಬೆಟ್ಟ ತಲೆಕೆಳಗಾಗೇ ಇತ್ತು."

"ಮತ್ತೆ, ಕಲ್ಲು ಸಿಕ್ತಂತಲ್ಲ."

"ಇಲ್ಲದ ಕಲ್ಲು ಎಲ್ಲಿಂದ ಸಿಗುತ್ತೆ ರೀ?"

ಅವಳು ಮುಳ್ಳು ಕೀಳುತ್ತಲೇ ಇದ್ದಳು. ಗೇಟಪ್ಪ, "ಯಾವಾಗಿಂದ ಗೊತ್ತು?" ಎಂದ.

"ಮೊದಲನೇ ವಾರದಿಂದ. ನಿಮ್ಮ ಪ್ಯಾಂಟು ಒಗೆಯೋಳು ನಾನು. ಒಳಗೆ ಹೋಗಿ ಬಂದೋರ ಬಟ್ಟೆಗೆಲ್ಲ ಅಂಟೋ ಮುಳ್ಳು ನಿಮ್ಮ ಪ್ಯಾಂಟಲ್ಲಿ ಒಂದಿನಾನೂ ಇರ್ಲಿಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಹೇಳೋದು ನಿಲ್ಲಿಸ್ತಿದ್ರಿ."

ಗೇಟಪ್ಪನಿಗೆ ಕಿಟಕಿಯ ಗಾಜು ಒರೆಸುವ ಕೆಲಸ ನೆನಪಾಯಿತು. ಆ ಕಿಟಕಿಗೆ ಗಾಜು ಇರಲಿಲ್ಲ.

"ಇದ್ದದ್ದರಲ್ಲಿ ಸ್ವಲ್ಪ ಚಪ್ಪಟೆ ಇದ್ದದ್ದು ನೋಡಿ ಕೂತೆ" ಎಂದಳು ಅವಳು. "ಅರ್ಧ ಬಿಟ್ಟು ಕೂತಿದ್ದೆ. ಮೇಡಮ್ ಪಕ್ಕದಲ್ಲಿ ಕೂರಕ್ಕೆ ಬಂದ್ರು. ನಿಮ್ಮ ಕರವಸ್ತ್ರ ಹಾಕಿ, 'ಇಲ್ಲಿ ಜನ ಬರ್ತಾರೆ' ಅಂದೆ."

"ಬಸ್ಸಲ್ಲಿ ಸೀಟು ಹಿಡಿದ ಹಾಗೆ?"

"ಹೂಂ. ಪಾಪ, ನಿಂತೇ ಇದ್ರು. ಕರವಸ್ತ್ರ ಅಲ್ಲೇ ಬಿಟ್ಟು ಬಂದಿದ್ದೀನಿ, ಮೇಲೆ ಒಂದು ಸಣ್ಣ ಕಲ್ಲಿಟ್ಟು. ಬುಕಿಂಗ್ ಸಿಗೋಕೆ ಏಳು ತಿಂಗಳು ತಾನೇ?"

"ಒಳಗೆ ವಸ್ತು ಬಿಟ್ಟು ಬರೋದು ಅಪರಾಧ ಕಣೇ. ನಿಯಮ ಹದಿನಾಲ್ಕು" ಎಂದ ಗೇಟಪ್ಪ.

ಅವಳು ಎದ್ದು ಕಿಟಕಿಯ ಹತ್ತಿರ ಬಂದಳು. ತನ್ನ ಸೆರಗಿನಿಂದ ಕೊನೆಯ ಒಂದು ಮುಳ್ಳು ಕಿತ್ತು, ಅಂಗೈಯಗಲದ ಆ ಕಿಟಕಿಯೊಳಗೆ ಕೈ ತೂರಿಸಿ, ಅವನ ಅಂಗಿಯ ತೋಳಿಗೆ ಅಂಟಿಸಿದಳು. ಆಮೇಲೆ ಬೂಟಿನ ಅಟ್ಟೆ ಹಿಡಿದು ಮನೆಯ ಕಡೆ ನಡೆದಳು.

ಗೇಟಪ್ಪ ಬೆಂಚಿನ ಕೆಳಗೆ ಕೊನೆಯ ಬಾರಿ ಗುಡಿಸಿದ. ಮರದ ಗೂಡಿಗೆ ಬೀಗ ಹಾಕಿ, ಬೀಗದ ಕೈಯನ್ನು ಕಾವಲುಗಾರನಿಗೆ ಕೊಡಲು ಕೈ ಚಾಚಿದ. ಕಾವಲುಗಾರ ಬೀಗದ ಕೈ ತೆಗೆದುಕೊಳ್ಳದೆ ಆ ತೋಳನ್ನೇ ನೋಡುತ್ತಾ ನಿಂತ.

"ಸಾರ್, ಮುಳ್ಳು! ನೀವೂ ಒಳಗೆ ಹೋಗಿ ಬಂದ್ರಾ?"

ಗೇಟಪ್ಪ ತೋಳಿನ ಮುಳ್ಳನ್ನು ನೋಡಿಕೊಂಡ. ಅದನ್ನು ಕೀಳಲಿಲ್ಲ.

"ಇರಬಹುದು" ಎಂದ.